ರೊಮೇನಿಯನ್‌ನ ‘ನನ್ನ’ ಕಲಿಯಲು ಕಾರವಾರದ ಎರಡು ಭಾಷೆ ಸಾಕು

ಕಾರವಾರದ ಮೀನುಪೇಟೆಯಲ್ಲಿ ಐದು ನಿಮಿಷ ನಿಂತರೆ ಕೊಂಕಣಿಯ ‘ಮ್ಹಜೊ’, ‘ಮ್ಹಜಿ’, ‘ಮ್ಹಜೆಂ’ ಮೂರೂ ಕಿವಿಗೆ ಬೀಳುತ್ತವೆ. ಮ್ಹಜೊ ಪೂತ್, ಮ್ಹಜಿ ಧುವ್, ಮ್ಹಜೆಂ ಘರ್. ಕೆಲವರ ಮನೆಯಲ್ಲಿ ಇದೇ ಮಗೆಲೊ, ಮಗೆಲಿ, ಮಗೆಲೆ. ಹೇಳುವವರು ಗಂಡಸೋ ಹೆಂಗಸೋ ಎಂಬುದಕ್ಕೂ ಈ ಬದಲಾವಣೆಗೂ ಸಂಬಂಧವಿಲ್ಲ. ಮಗ, ಮಗಳು, ಮನೆ ಎಂಬ ಮುಂದಿನ ಪದದ ಲಿಂಗ ನೋಡಿ ‘ನನ್ನ’ ತನ್ನ ಬಾಲ ಬದಲಿಸುತ್ತದೆ. ರೊಮೇನಿಯನ್ ಭಾಷೆಯ ‘ನನ್ನ’ವೂ ಹೀಗೆಯೇ ನಡೆಯುತ್ತದೆ.

ಹಡಗಿನ ಕೆಲಸಕ್ಕೆ ಹೋಗುವವರಿಗೆ ಕಪ್ಪುಸಮುದ್ರದ ದೊಡ್ಡ ಬಂದರು, ರೊಮೇನಿಯಾದ ಕಾನ್‌ಸ್ತಾಂತ್ಸಾದ ಹೆಸರು ಹೊಸದಲ್ಲ. ಈಚಿನ ವರ್ಷಗಳಲ್ಲಿ ಕಟ್ಟಡ ಕೆಲಸಕ್ಕೆ, ಹೋಟೆಲ್ ಅಡುಗೆಮನೆಗೆ ರೊಮೇನಿಯಾಕ್ಕೆ ಹೋಗುವ ಭಾರತೀಯರೂ ಹೆಚ್ಚಿದ್ದಾರೆ. ಅವರಲ್ಲಿ ಹೆಚ್ಚಿನವರು ಭಾಷೆಯನ್ನು ಇಂಗ್ಲಿಷ್ ಮೂಲಕ ಕಲಿಯುತ್ತಾರೆ. ಷಷ್ಠಿಯ (‘ನನ್ನ’, ‘ನಿನ್ನ’ದಂಥ ರೂಪಗಳ) ಮಟ್ಟಿಗೆ ಅದು ಸುತ್ತುದಾರಿ. ಇಂಗ್ಲಿಷಿನಲ್ಲಿ ‘ಮೈ’ ಎಂದೂ ಬದಲಾಗದು, ಹಾಗಾಗಿ ಎಲ್ಲವನ್ನೂ ಹೊಸದಾಗಿ ಉರುಹೊಡೆಯಬೇಕು. ಕೊಂಕಣಿ ಕನ್ನಡ ಎರಡೂ ಬಲ್ಲವರಿಗೆ ಅರ್ಧಕ್ಕಿಂತ ಹೆಚ್ಚು ಪಾಠ ಬಾಯಲ್ಲೇ ಇದೆ. ಭಟ್ಕಳದ ನವಾಯತಿ ಆಡುವವರಿಗೂ ಇದು ಅನ್ವಯ. ಶಿರಸಿ ಕಡೆಯಲ್ಲಿ ಕೊಂಕಣಿ ಬಾರದವರು ಹಿಂದಿಯ ಮೇರಾ-ಮೇರಿ ಇಟ್ಟುಕೊಳ್ಳಬಹುದು.

ಮೊದಲು ಬರೆಹದ ಬಗ್ಗೆ. ಇಲ್ಲಿ ರೊಮೇನಿಯನ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಆ ಭಾಷೆಯಲ್ಲಿ ಎರಡು ‘ಅ’ಗಳಿವೆ. ಬಾಯಿ ತೆರೆದು ಹೇಳುವುದನ್ನು ‘ಆ’ ಎಂದೂ, ನಮ್ಮ ಹ್ರಸ್ವ ‘ಅ’ದಂತಿರುವುದನ್ನು, ಅವರ ಲಿಪಿಯಲ್ಲಿ ತಲೆ ಮೇಲೆ ಬಟ್ಟಲಿರುವ ಅಕ್ಷರವನ್ನು, ‘ಅ’ ಎಂದೂ ಬರೆದಿದೆ. ಇದನ್ನು ಸಣ್ಣ ವಿಷಯ ಎಂದು ಬಿಡಬೇಡಿ: ‘ಕಾಸ’ ಎಂದರೆ ಬರೀ ಮನೆ, ‘ಕಾಸಾ’ ಎಂದರೆ ಆ ನಿರ್ದಿಷ್ಟ ಮನೆ. ಕೊನೆಯ ಒಂದು ದೀರ್ಘದಲ್ಲಿ ಇಡೀ ವ್ಯಾಕರಣ ಕೂತಿದೆ. ಕನ್ನಡ ಲಿಪಿ ಬಾಯಿಯ ಅಭ್ಯಾಸಕ್ಕೆ ಮಾತ್ರ. ಕಾಗುಣಿತವನ್ನು ಅವರ ಲಿಪಿಯಲ್ಲೇ ಬರೆದು ಕಲಿಯಿರಿ.

‘ನನ್ನ’ಕ್ಕೆ ನಾಲ್ಕು ರೂಪ: ಪುಲ್ಲಿಂಗ ಏಕವಚನಕ್ಕೆ ಮೆವ್, ಸ್ತ್ರೀಲಿಂಗ ಏಕವಚನಕ್ಕೆ ಮ್ಯಾ, ಪುಲ್ಲಿಂಗ ಬಹುವಚನಕ್ಕೆ ಮೆಯ್, ಸ್ತ್ರೀಲಿಂಗ ಬಹುವಚನಕ್ಕೆ ಮೆಲೆ. ಉಳಿದವೂ ಇದೇ ಅನುಕ್ರಮದಲ್ಲಿ:

ನಿನ್ನ: ತೌ, ತಾ, ತೈ, ತಾಲೆ
ತನ್ನ: ಸೌ, ಸಾ, ಸೈ, ಸಾಲೆ
ನಮ್ಮ: ನೊಸ್ತ್ರು, ನ್ವಾಸ್ತ್ರ, ನೊಶ್ತ್ರಿ, ನ್ವಾಸ್ತ್ರೆ
ನಿಮ್ಮ (ಹಲವರಿಗೆ): ವೊಸ್ತ್ರು, ವ್ವಾಸ್ತ್ರ, ವೊಶ್ತ್ರಿ, ವ್ವಾಸ್ತ್ರೆ

ಒಟ್ಟು 20. ಇವಲ್ಲದೆ ಎಂದೂ ಬದಲಾಗದ ಮೂರು ಪದ: ಲುಯ್ (ಅವನ), ಯೆಯ್ (ಅವಳ), ಲೊರ್ (ಅವರ). ‘ನೊಶ್ತ್ರಿ’ಯಲ್ಲಿ ‘ಸ’ ಹೋಗಿ ‘ಶ’ ಬಂದಿರುವುದನ್ನು ಗಮನಿಸಿ. ಬರೆಯುವಾಗ ಆ ಅಕ್ಷರದ ಕೆಳಗಿನ ಅಲ್ಪವಿರಾಮದಂಥ ಗುರುತು ಮರೆಯುವುದು ಹೊಸಬರೆಲ್ಲರ ತಪ್ಪು.

ಕೊಂಕಣಿಯ ನೆರವು ನಪುಂಸಕಲಿಂಗದ ಬಾಗಿಲವರೆಗೆ ಮಾತ್ರ. ಕೊಂಕಣಿಯಲ್ಲಿ ನಪುಂಸಕಕ್ಕೆ ಅದರದೇ ರೂಪಗಳಿವೆ: ಮ್ಹಜೆಂ ಘರ್, ಮ್ಹಜಿಂ ಘರಾಂ. ರೊಮೇನಿಯನ್ ನಪುಂಸಕಕ್ಕೆ ಸ್ವಂತ ಬಟ್ಟೆಯೇ ಇಲ್ಲ. ಏಕವಚನದಲ್ಲಿ ಅದು ಪುಲ್ಲಿಂಗದ ಅಂಗಿ ತೊಡುತ್ತದೆ, ಬಹುವಚನದಲ್ಲಿ ಸ್ತ್ರೀಲಿಂಗದ ಸೀರೆ ಉಡುತ್ತದೆ. ಬಿಲೆತ್ ಎಂದರೆ ಟಿಕೆಟ್, ನಪುಂಸಕ. ನನ್ನ ಟಿಕೆಟ್: ಬಿಲೆತುಲ್ ಮೆವ್. ನನ್ನ ಟಿಕೆಟ್‌ಗಳು: ಬಿಲೆತೆಲೆ ಮೆಲೆ. ಫೋನ್ ಕೂಡ ಹಾಗೆಯೇ: ತೆಲೆಫೊನುಲ್ ಮೆವ್, ತೆಲೆಫ್ವಾನೆಲೆ ಮೆಲೆ.

ಪದದ ಲಿಂಗ ತಿಳಿಯಲು ಒಂದು, ಎರಡು ಎಂದು ಎಣಿಸುವುದೇ ಖಚಿತ ದಾರಿ. ಉನ್–ದೊಯ್ ಬಂದರೆ ಪುಲ್ಲಿಂಗ, ಒ–ದೊವ ಬಂದರೆ ಸ್ತ್ರೀಲಿಂಗ, ಉನ್–ದೊವ ಬಂದರೆ ನಪುಂಸಕ. ಉನ್ ಪೆಶ್ತೆ, ದೊಯ್ ಪೆಶ್ತಿ (ಮೀನು). ಒ ಪ್ಲಾಸ, ದೊವ ಪ್ಲಾಸೆ (ಬಲೆ). ಉನ್ ಬಿಲೆತ್, ದೊವ ಬಿಲೆತೆ. ಹೊಸ ಪದ ಬರೆದಿಡುವಾಗ ಅರ್ಥದ ಜತೆ ಈ ‘ಎರಡು’ ರೂಪವನ್ನೂ ಬರೆಯಿರಿ. ಷಷ್ಠಿಗೆ ಅದು ನೇರ ಸೂತ್ರ: ದೊಯ್ ಇದ್ದಲ್ಲಿ ಮೆಯ್, ದೊವ ಇದ್ದಲ್ಲಿ ಮೆಲೆ.

ಒಂದು ಎಚ್ಚರಿಕೆ. ಕೊಂಕಣಿಯ ಲಿಂಗವನ್ನು ಹಾಗೇ ಎತ್ತಿಕೊಂಡು ಹೋಗಬೇಡಿ. ಘರ್ ಕೊಂಕಣಿಯಲ್ಲಿ ನಪುಂಸಕ, ಕಾಸ ಸ್ತ್ರೀಲಿಂಗ. ನುಸ್ತೆಂ ನಪುಂಸಕ, ಪೆಶ್ತೆ ಪುಲ್ಲಿಂಗ. ಅಲ್ಲಿಂದ ತರಬೇಕಾದ್ದು ವಸ್ತುವಿನ ಲಿಂಗ ನೋಡಿ ‘ನನ್ನ’ ಬದಲಿಸುವ ಅಭ್ಯಾಸವನ್ನು ಮಾತ್ರ.

ಇನ್ನು ಪದಗಳ ಜೋಡಣೆ. ‘ನನ್ನ’ ನಾಮಪದಕ್ಕಿಂತ ಮೊದಲಲ್ಲ, ಅದರ ನಂತರ ಬರುತ್ತದೆ. ನಾಮಪದಕ್ಕೆ ನಿರ್ದಿಷ್ಟತೆಯ ಪ್ರತ್ಯಯ ಅಂಟಿರಬೇಕು. ಪದದ ಕೊನೆಗೆ ಪ್ರತ್ಯಯ ಅಂಟಿಸುವುದು ಕನ್ನಡದವರಿಗೆ ಹೇಳಿಕೊಡಬೇಕಾದ ಕೆಲಸವಲ್ಲ. ಪ್ರಿಯೆತೆನ್ (ಗೆಳೆಯ), ಪ್ರಿಯೆತೆನುಲ್ ಮೆವ್. ಫ್ರಾತೆ (ಸಹೋದರ), ಫ್ರಾತೆಲೆ ಮೆವ್. ಬಾರ್ಕ (ದೋಣಿ), ಬಾರ್ಕಾ ಮ್ಯಾ. ಕಾರ್ತೆ (ಪುಸ್ತಕ), ಕಾರ್ತ್ಯಾ ಮ್ಯಾ. ಕಾಫಿಯಂತೆ ಒತ್ತು ಬಿದ್ದ ‘ಯಾ’ದಲ್ಲಿ ಮುಗಿಯುವ ಸ್ತ್ರೀಲಿಂಗ ಪದಗಳಿಗೆ ‘ವಾ’ ಸೇರುತ್ತದೆ: ಕಾಫ್ಯಾ, ಕಾಫ್ಯಾವಾ ಮ್ಯಾ. ‘ನನ್ನ ಮಕ್ಕಳು’ ಕೊಪೀಯಿ ಮೆಯ್. ಅವರ ಲಿಪಿಯಲ್ಲಿ ಬರೆಯುವಾಗ ಮೂರು ‘ಇ’ ಸಾಲಾಗಿ ಬರುತ್ತವೆ. ಒಂದು ಪದದ್ದು, ಒಂದು ಬಹುವಚನದ್ದು, ಒಂದು ನಿರ್ದಿಷ್ಟತೆಯದ್ದು. ಎರಡೇ ಹಾಕಿದರೆ ತಪ್ಪು.

ಮೊದಲ ಪಾಠಗಳಲ್ಲಿ ‘ಮೇಲೆ’, ‘ಗೆ’ ಇತ್ಯಾದಿ ಉಪಸರ್ಗದ ನಂತರ ನಾಮಪದದ ಪ್ರತ್ಯಯ ಬಿದ್ದುಹೋಗುತ್ತದೆ ಎಂದು ಕಲಿಸುತ್ತಾರೆ: ಪೆ ಮಾಸ (ಮೇಜಿನ ಮೇಲೆ), ಲಾ ಶ್ಕ್ವಾಲ (ಶಾಲೆಗೆ). ನಿಜ. ಆದರೆ ‘ನನ್ನ’ ಬಂದ ಕೂಡಲೇ ಪ್ರತ್ಯಯ ಮರಳುತ್ತದೆ: ಪೆ ಮಾಸಾ ಮ್ಯಾ, ಲಾ ಶ್ಕ್ವಾಲಾ ಮ್ಯಾ. ‘ಪೆ ಮಾಸ ಮ್ಯಾ’ ಎಂದವರು ಎರಡು ಪಾಠ ಕಲಿತು ಮೂರನೆಯದನ್ನು ಬಿಟ್ಟವರು ಎಂದು ತಿಳಿಯಬಹುದು. ಈ ತಪ್ಪು ಬಹಳ ಕಾಲ ಉಳಿಯುತ್ತದೆ, ಏಕೆಂದರೆ ಕೇಳುವವರಿಗೆ ಅರ್ಥವಾಗುತ್ತದೆ, ಯಾರೂ ತಿದ್ದುವುದಿಲ್ಲ.

ಕೊಂಕಣಿ ಬದಿಗಿಟ್ಟು ಕನ್ನಡ ಹಿಡಿಯಬೇಕಾದ ಜಾಗ ಲುಯ್, ಯೆಯ್, ಲೊರ್. ಮೂರೂ ಲ್ಯಾಟಿನ್‌ನ ‘ಅವನ’, ‘ಅವಳ’, ‘ಅವರ’ ಎಂಬ ವಿಭಕ್ತಿ ರೂಪಗಳಿಂದ ಬಂದವು, ಹಾಗಾಗಿ ಇವುಗಳೊಳಗೆ ವಿಭಕ್ತಿ ಆಗಲೇ ಇದೆ. ಮುಂದಿನ ವಸ್ತುವಿಗೆ ಹೊಂದಿಕೊಳ್ಳುವ ಗೊಡವೆಯಿಲ್ಲ. ಕನ್ನಡದ ಅವನ್+ಅ ಹೇಗೋ ಹಾಗೆ. ಕಾಸಾ ಲುಯ್ (ಅವನ ಮನೆ), ಕಾಸಾ ಯೆಯ್ (ಅವಳ ಮನೆ), ಫ್ರಾತೆಲೆ ಯೆಯ್ (ಅವಳ ಅಣ್ಣ), ಬಿಲೆತೆಲೆ ಲೊರ್ (ಅವರ ಟಿಕೆಟ್‌ಗಳು). ಇಲ್ಲಿ ಒಡೆಯ ಯಾರು ಎಂಬುದಷ್ಟೇ ಲೆಕ್ಕ.

ಸೌ-ಸಾ ಬೇರೆ ಜಾತಿ. ‘ಸಾ’ ಎಂದರೆ ‘ಅವಳ’ ಎಂದು ತಿಳಿದುಕೊಳ್ಳುವವರು ತುಂಬಾ. ಅಲ್ಲ. ಸೊರಾ ಸಾ ಎಂದರೆ ಅವನ ಅಕ್ಕನೂ ಆಗಬಹುದು, ಅವಳ ಅಕ್ಕನೂ ಆಗಬಹುದು. ಅಕ್ಕ ಸ್ತ್ರೀಲಿಂಗವಾದ್ದರಿಂದ ಸಾ. ಎಚ್ಚರದ ಬರೆವಣಿಗೆಯಲ್ಲಿ ಇದು ನಮ್ಮ ‘ತನ್ನ’ದಂತೆ ವಾಕ್ಯದ ಕರ್ತೃವಿನ ಕಡೆಗೆ ತಿರುಗುತ್ತದೆ, ಅದೂ ಒಬ್ಬನೇ ಒಡೆಯನಿದ್ದಾಗ, ಹಲವರಿದ್ದರೆ ಲೊರ್. ಪತ್ರಿಕೆ, ಅರ್ಜಿ, ಭಾಷಣಗಳಲ್ಲಿ ಸೌ ಹೆಚ್ಚು, ಬೀದಿಮಾತಿನಲ್ಲಿ ಲುಯ್-ಯೆಯ್ ಹೆಚ್ಚು. ಮೊದಲ ಆರು ತಿಂಗಳು ಸೌ ಓದಿ ಅರ್ಥಮಾಡಿಕೊಂಡರೆ ಸಾಕು, ಆಡುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೆಸರುಗಳಿಗೂ ಇಲ್ಲೇ ದಾರಿ ಸಿಗುತ್ತದೆ. ಗಂಡಸಿನ ಹೆಸರಿನ ಮುಂಚೆ ಲುಯ್: ಕಾರ್ತ್ಯಾ ಲುಯ್ ಗಣಪತಿ, ಗಣಪತಿಯ ಪುಸ್ತಕ. ‘ಆ’ದಲ್ಲಿ ಮುಗಿಯುವ ಹೆಂಗಸಿನ ಹೆಸರಿಗೆ ಕೊನೆಯಲ್ಲಿ ಬದಲಾವಣೆ: ಸವಿತಾ, ಕಾರ್ತ್ಯಾ ಸವಿತೆಯ್. ‘ಆ’ ಇಲ್ಲದ ಹೆಂಗಸಿನ ಹೆಸರಿಗೆ ಮತ್ತೆ ಲುಯ್: ಕಾರ್ತ್ಯಾ ಲುಯ್ ಲಕ್ಷ್ಮಿ. ಲುಯ್ ಬಂತೆಂದು ಲಕ್ಷ್ಮಿ ಗಂಡಸಾಗುವುದಿಲ್ಲ.

ಕನ್ನಡ ನಮ್ಮನ್ನು ಎಡವಿಸುವ ಎರಡು ಕಡೆಗಳನ್ನು ಇಲ್ಲೇ ಹೇಳಬೇಕು. ನಾವು ‘ನಮ್ಮಪ್ಪ’, ‘ನಮ್ಮನೆ’, ‘ನಮ್ಮೂರು’ ಎನ್ನುತ್ತೇವೆ, ಒಬ್ಬನೇ ಮಗನಾದರೂ. ಇದನ್ನು ಹಾಗೇ ಇಳಿಸಿ ‘ತಾತಲ್ ನೊಸ್ತ್ರು’ ಎಂದರೆ ರೊಮೇನಿಯಾದಲ್ಲಿ ಅದು ಕ್ರೈಸ್ತರು ನಿತ್ಯ ಹೇಳುವ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯ ಹೆಸರು. ಅಪ್ಪನಿಗೆ ತಾತಲ್ ಮೆವ್ ಎನ್ನಿ. ಅಥವಾ ಬರೀ ‘ತಾತಾ’, ‘ಮಾಮಾ’. ‘ಅಮ್ಮ ಮನೇಲಿದ್ದಾಳೆ’ ಎಂದು ನಾವು ‘ನನ್ನ’ ಬಿಟ್ಟು ಹೇಳುವಂತೆ ಅವರೂ ಹೇಳುತ್ತಾರೆ.

ಎರಡನೆಯದು ‘ನಿಮ್ಮ’. ನಮಗೆ ಗೌರವಕ್ಕೂ ಬಹುವಚನಕ್ಕೂ ಒಂದೇ ‘ನಿಮ್ಮ’. ರೊಮೇನಿಯನ್‌ನಲ್ಲಿ ವೊಸ್ತ್ರು ಬರೀ ಬಹುವಚನ, ಅದೂ ಸಲಿಗೆಯವರ ಗುಂಪಿಗೆ. ಹಿರಿಯರೊಬ್ಬರಿಗೆ, ಅಧಿಕಾರಿಗೆ, ಮನೆಮಾಲಿಕರಿಗೆ ಹೇಳಬೇಕಾದ್ದು ದುಮ್ನ್ಯಾವ್ವಾಸ್ತ್ರ: ಕಾಸಾ ದುಮ್ನ್ಯಾವ್ವಾಸ್ತ್ರ, ತೆಲೆಫೊನುಲ್ ದುಮ್ನ್ಯಾವ್ವಾಸ್ತ್ರ. ಹಿಂದೆ ‘ನಿಮ್ಮ ಪ್ರಭುತ್ವ’ ಎಂಬ ಅರ್ಥವಿದ್ದ ಎರಡು ಪದ ಸೇರಿ ಆದ ಪದ ಇದು. ಯಾವುದಕ್ಕೂ ಬದಲಾಗದು, ಆದ್ದರಿಂದ ಉದ್ದವಿದ್ದರೂ ಸುಲಭ.

ಈಗ ಎಲ್ಲರೂ ಹೆದರುವ ನಾಲ್ಕು ಪದ: ಆಲ್, ಆ, ಆಯ್, ಆಲೆ. ಇಂಗ್ಲಿಷ್ ಪುಸ್ತಕಗಳು ಇವಕ್ಕೆ ಪುಟಗಟ್ಟಲೆ ವಿವರಣೆ ಕೊಡುತ್ತವೆ. ಕನ್ನಡದವರಿಗೆ ಒಂದು ಪ್ರಶ್ನೆ ಸಾಕು: ಇಲ್ಲಿ ‘ನನ್ನ’ ಎನ್ನುತ್ತೀರೋ ‘ನನ್ನದು’ ಎನ್ನುತ್ತೀರೋ? ‘ನನ್ನದು’ ಬಂದರೆ ಈ ನಾಲ್ಕರಲ್ಲಿ ಒಂದು ಬೇಕು.

ಪುಸ್ತಕ ನನ್ನದು: ಕಾರ್ತ್ಯಾ ಯೆ ಆ ಮ್ಯಾ. ಫೋನ್ ನನ್ನದು: ತೆಲೆಫೊನುಲ್ ಯೆ ಆಲ್ ಮೆವ್. ನನ್ನದೊಂದು ಪುಸ್ತಕ: ಒ ಕಾರ್ತೆ ಆ ಮ್ಯಾ. ಯಾರದ್ದು ಎಂದು ಕೇಳುವಾಗಲೂ ಬೇಕು: ಆಲ್ ಕುಯ್ ಯೆ ತೆಲೆಫೊನುಲ್? ಆ ಕುಯ್ ಯೆ ಬಾರ್ಕಾ? ಆಲೆ ಕುಯ್ ಸುಂತ್ ಬಿಲೆತೆಲೆ?

ಇನ್ನೂ ಆಳಕ್ಕೆ ಹೋದರೆ ಹೋಲಿಕೆ ಗಟ್ಟಿಯಾಗುತ್ತದೆ. ಕನ್ನಡದ ‘ನನ್ನ’ ಬದಲಾಗದು ಎನ್ನುತ್ತೇವೆ, ಆದರೆ ಅದು ಒಂಟಿಯಾಗಿ ನಿಂತ ಕ್ಷಣ ಬದಲಾಗುತ್ತದೆ: ನನ್ನವನು, ನನ್ನವಳು, ನನ್ನದು, ನನ್ನವರು, ನನ್ನವು. ಒಡೆತನದ ವಸ್ತುವಿನ ಲಿಂಗ ವಚನಗಳನ್ನು ಆ ಬಾಲ ಹೇಳುತ್ತದೆ. ಆಲ್ ಮೆವ್, ಆ ಮ್ಯಾ, ಆಯ್ ಮೆಯ್, ಆಲೆ ಮೆಲೆ ಮಾಡುವುದೂ ಅದನ್ನೇ. ನಾವು ‘ನಮ್ಮವರು’ ಎಂದು ಮನೆಮಂದಿಯನ್ನು ಕರೆಯುವಂತೆ ರೊಮೇನಿಯನ್ನರು ಅಪ್ಪ ಅಮ್ಮ, ಮನೆಯವರನ್ನೆಲ್ಲ ‘ಆಯ್ ಮೆಯ್’ ಎನ್ನುತ್ತಾರೆ.

‘ನನ್ನ’ವೋ ‘ನನ್ನದು’ವೋ ಎಂಬ ಪ್ರಶ್ನೆ ಕೈಕೊಡುವ ಸಂದರ್ಭಗಳಿವೆ, ಅವನ್ನು ಮುಚ್ಚಿಡಬಾರದು. ‘ಈ ನನ್ನ ಪುಸ್ತಕ’ ಎನ್ನುವಲ್ಲಿ ಕನ್ನಡಕ್ಕೆ ‘ದು’ ಬೇಡ. ರೊಮೇನಿಯನ್‌ಗೆ ಬೇಕು: ಆಚ್ಯಾಸ್ತ ಕಾರ್ತೆ ಆ ಮ್ಯಾ. ‘ನನ್ನ ಇಬ್ಬರು ಗೆಳೆಯರು’ ಕೂಡ ಹಾಗೆ: ದೊಯ್ ಪ್ರಿಯೆತೆನ್ ಆಯ್ ಮೆಯ್. (ಇಲ್ಲಿ ‘ಪ್ರಿಯೆತೆನ್’ ಕೊನೆಗೆ ಕೇಳಿಸೀ ಕೇಳಿಸದಷ್ಟು ‘ಇ’ ಇದೆ.) ಸಂದೇಹ ಬಂದಾಗ ಈ ಬಿಗಿ ನಿಯಮಕ್ಕೆ ಹೋಗಿ: ‘ನನ್ನ’ದ ಒತ್ತಿಗೇ ಹಿಂದಿರುವ ಪದಕ್ಕೆ ನಿರ್ದಿಷ್ಟತೆಯ ಪ್ರತ್ಯಯ ಅಂಟಿದ್ದರೆ ಆಲ್ ಬೇಡ, ಇಲ್ಲದಿದ್ದರೆ ಬೇಕು. ಆ ಪದ ನಾಮಪದವೇ ಆಗಬೇಕಿಲ್ಲ. ನೊವಾ ಮ್ಯಾ ಬಾರ್ಕ, ನನ್ನ ಹೊಸ ದೋಣಿ: ಇಲ್ಲಿ ಪ್ರತ್ಯಯ ‘ಹೊಸ’ ಎಂಬುದಕ್ಕೆ ಅಂಟಿದೆ, ಆಲ್ ಬೇಡ. ಬಾರ್ಕಾ ಮ್ಯಾ ನೊವ ಎಂದರೂ ಸರಿ. ‘ನನ್ನ ಪುಸ್ತಕ ಮತ್ತು ನಿನ್ನದು’ ಕಾರ್ತ್ಯಾ ಮ್ಯಾ ಶಿ ಆ ತಾ. ಮೊದಲನೆಯದು ಪುಸ್ತಕಕ್ಕೆ ತಾಗಿದೆ, ಎರಡನೆಯದು ದೂರವಾಗಿದೆ. ಇಲ್ಲಿ ಕನ್ನಡದ ಪ್ರಶ್ನೆಯೂ ಬಿಗಿ ನಿಯಮವೂ ಒಂದೇ ಉತ್ತರ ಕೊಡುತ್ತವೆ.

ಓದುವಾಗ ಗೊಂದಲ ಮಾಡುವ ಇನ್ನೊಂದು ರೂಪವಿದೆ. ಸ್ತ್ರೀಲಿಂಗ ಏಕವಚನ ಷಷ್ಠಿಗೋ ಚತುರ್ಥಿಗೋ ಹೋದಾಗ ‘ಮ್ಯಾ’ ಇದ್ದದ್ದು ‘ಮೆಲೆ’ ಆಗುತ್ತದೆ. ಸೊರಾ ಮ್ಯಾ, ನನ್ನ ಅಕ್ಕ. ಸುರೊರಿಯ್ ಮೆಲೆ, ನನ್ನ ಅಕ್ಕನಿಗೆ ಅಥವಾ ಅಕ್ಕನ. ಹೊಸಬರು ‘ಮೆಲೆ’ ಕಂಡು ಅಕ್ಕಂದಿರು ಎಂದುಕೊಳ್ಳುತ್ತಾರೆ. ಕೊಂಕಣಿ ಮತ್ತೆ ಕೈಹಿಡಿಯುತ್ತದೆ: ಮ್ಹಜಿ ಭೈಣ್, ಆದರೆ ಮ್ಹಜೆ ಭೈಣಿಕ್. ಅದೇ ಜಾಗದಲ್ಲಿ ಅದೇ ಬಗೆಯ ಬದಲಾವಣೆ. ಯಾಮ್ ದಾತ್ ಕೆಯಾ ಸುರೊರಿಯ್ ಮೆಲೆ: ನನ್ನ ಅಕ್ಕನಿಗೆ ಬೀಗದಕೈ ಕೊಟ್ಟೆ. ಕುಲ್ವಾರ್ಯಾ ಬರ್ಚಿಯ್ ಮೆಲೆ: ನನ್ನ ದೋಣಿಯ ಬಣ್ಣ. ಪುಲ್ಲಿಂಗದಲ್ಲಿ ಮಾತ್ರ ಕೊಂಕಣಿಯನ್ನು ನಂಬಬೇಡಿ. ಮ್ಹಜೊ ಭಾವ್ ‘ಮ್ಹಜ್ಯಾ ಭಾವಾಕ್’ ಆಗುತ್ತದೆ. ರೊಮೇನಿಯನ್‌ನಲ್ಲಿ ಫ್ರಾತೆಲುಯ್ ಮೆವ್, ‘ಮೆವ್’ ಅಲುಗಾಡುವುದಿಲ್ಲ.

ಇಷ್ಟೆಲ್ಲ ಕಲಿತವರೂ ಪರದೇಶಿ ಎಂದು ಗೊತ್ತಾಗುವುದು ಒಂದು ಕಾರಣಕ್ಕೆ: ‘ನನ್ನ’ವನ್ನು ಬೇಡದಲ್ಲೆಲ್ಲ ಹಾಕುತ್ತಾರೆ. ಮಳೆಗಾಲದಲ್ಲಿ ಬಸ್ಸು ಹತ್ತಿದ ಮೇಲೆ ‘ಅಯ್ಯೋ, ಕೊಡೆ ಬಿಟ್ಟು ಬಂದೆ’ ಎನ್ನುತ್ತೇವೆಯೇ ಹೊರತು ‘ನನ್ನ ಕೊಡೆಯನ್ನು’ ಎನ್ನುವುದಿಲ್ಲ. ರೊಮೇನಿಯನ್‌ನಲ್ಲೂ ಒಡೆತನ ಕ್ರಿಯಾಪದದ ಬಳಿ ಪುಟ್ಟ ಚತುರ್ಥಿಯಾಗಿ ಕೂರುತ್ತದೆ: ಮ್ಯಾಮ್ ಉಯ್ತಾತ್ ಉಂಬ್ರೆಲಾ, ಕೊಡೆ ಮರೆತೆ. ಆ ‘ಮ್ಯಾಮ್’ನ ಮೊದಲ ಭಾಗ ‘ನನಗೆ’. ತ್ಸ್ಯಾಯ್ ಲುವಾತ್ ಬಿಲೆತುಲ್? ಟಿಕೆಟ್ ತಗೊಂಡ್ಯಾ? ಈ ಚತುರ್ಥಿ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ‘ಕೊಳ್ಳು’ ಇದೆ. ‘ಶ್ಯಾ ಪ್ಯೆರ್ದುತ್ ತೆಲೆಫೊನುಲ್’ ಎಂದರೆ ಫೋನ್ ಕಳಕೊಂಡ, ತನ್ನದೇ ಫೋನ್. ‘ಯಾ ಪ್ಯೆರ್ದುತ್ ತೆಲೆಫೊನುಲ್’ ಎಂದರೆ ಬೇರೊಬ್ಬನ ಫೋನ್ ಕಳೆದ. ‘ಶ್ಯಾ’ಕ್ಕೂ ‘ಯಾ’ಕ್ಕೂ ಇರುವ ಅಂತರ ‘ಕಳಕೊಂಡ’ಕ್ಕೂ ‘ಕಳೆದ’ಕ್ಕೂ ಇರುವ ಅಂತರ. ಇಂಗ್ಲಿಷ್ ಮೂಲಕ ಇದನ್ನು ಅರ್ಥಮಾಡಿಸಲು ಒಂದು ಅಧ್ಯಾಯ ಬೇಕು. ಕ್ರಿಯಾಪದಕ್ಕೆ ‘ಕೊಂಡ’ ಸಹಜವಾಗಿ ಸೇರುತ್ತದೆಯೇ ನೋಡಿ. ಸೇರಿದರೆ ಮೆವ್-ಮ್ಯಾ ಬಿಟ್ಟು ಚತುರ್ಥಿ ಹಾಕಿ. ಮೈಕೈ ನೋವಿಗೂ ‘ನನ್ನ’ ಬೇಡ: ಮ ದ್ವಾರೆ ಕಾಪುಲ್, ನಂಗೆ ತಲೆ ನೋಯ್ತಿದೆ.

ಅಭ್ಯಾಸಕ್ಕೆ 12 ನಾಮಪದ ಸಾಕು, ಲಿಂಗಕ್ಕೆ ನಾಲ್ಕರಂತೆ. ಪುಲ್ಲಿಂಗಕ್ಕೆ ಗೆಳೆಯ, ಸಹೋದರ, ಮೀನು, ಮಗು. ಸ್ತ್ರೀಲಿಂಗಕ್ಕೆ ಮನೆ, ದೋಣಿ, ಪುಸ್ತಕ, ಅಕ್ಕ. ನಪುಂಸಕಕ್ಕೆ ಟಿಕೆಟ್, ಫೋನ್, ಮತ್ತು ನಿಮಗೆ ದಿನವೂ ಬೇಕಾಗುವ ಇನ್ನೆರಡು. ಮೂರು ಬಣ್ಣದ ಚೀಟಿಯಲ್ಲಿ ಬರೆಯಿರಿ. ಮೊದಲ ವಾರ ‘ನನ್ನ’ ಮಾತ್ರ, ಏಕವಚನ ಬಹುವಚನ ಸೇರಿ ದಿನಕ್ಕೆ 24 ಜೋಡಿ, ಗಟ್ಟಿಯಾಗಿ ಹೇಳುತ್ತ. ಎರಡನೇ ವಾರ ಅವೇ ಪದಕ್ಕೆ ‘ನಿನ್ನ’, ‘ನಮ್ಮ’. ಮೂರನೇ ವಾರ ಪ್ರತಿ ಚೀಟಿಗೆ ‘ಯಾರದ್ದು’ ಎಂಬ ಪ್ರಶ್ನೆ, ‘ನನ್ನದು’ ಎಂಬ ಉತ್ತರ. ಆಲ್ ಪಾಠವನ್ನು ಮೊದಲ ವಾರಕ್ಕೇ ತಂದರೆ ಎರಡೂ ಕೆಡುತ್ತವೆ. ಪ್ರತ್ಯಯ ಅಂಟಿಸುವುದು ಬಾಯಿಗೆ ಬರುವ ಮೊದಲೇ ಆಲ್ ಬಂದರೆ ಜನ ಎಲ್ಲ ಕಡೆ ಆಲ್ ಹಾಕತೊಡಗುತ್ತಾರೆ.

ಅಲ್ಲಿ ಹೋದ ಮೇಲೆ ಕೇಳುವ ಮಾತು ಪುಸ್ತಕದಂತಿರುವುದಿಲ್ಲ. ನಂಟರ ಹೆಸರುಗಳು ‘ನಮ್ಮಮ್ಮ’ದಂತೆ ಬೆಸೆದುಕೊಳ್ಳುತ್ತವೆ, ನಾಮಪದದ ಪ್ರತ್ಯಯವೂ ಬಿದ್ದುಹೋಗುತ್ತದೆ: ಫ್ರಾತೆ-ಮೆವ್, ಸೊರ-ಮ್ಯಾ. ಸಲಿಗೆಯಲ್ಲಿ ಇವನ್ನು ಬಳಸಬಹುದು. ‘ಮ-ತಾ’ ಎಂಬುದನ್ನು ಮಾತ್ರ ಬಾಯಿಗೆ ತರಬೇಡಿ. ಅಕ್ಷರಾರ್ಥ ‘ನಿನ್ನವ್ವ’ ಅಷ್ಟೇ ಆದರೂ ಬೈಗುಳದಲ್ಲೇ ಅದರ ವಾಸ. ದೇಶದ ಈಶಾನ್ಯದ ಮೊಲ್ದೊವಾ ಪ್ರಾಂತ್ಯದವರ ಆಡುಮಾತಿನಲ್ಲಿ ಆಲ್, ಆಯ್, ಆಲೆ ಎಲ್ಲವೂ ಸವೆದು ಬರೀ ‘ಆ’ ಆಗಿರುತ್ತವೆ: ಉನ್ ಪ್ರಿಯೆತೆನ್ ಆ ಮೆವ್. ಜತೆಗೆ ಕೆಲಸ ಮಾಡುವವರು ಹಾಗೆ ಆಡಿದರೆ ಅರ್ಥಮಾಡಿಕೊಳ್ಳಿ. ಅರ್ಜಿಯಲ್ಲಿ, ಪರೀಕ್ಷೆಯಲ್ಲಿ ಆಲ್ ಮೆವ್ ಎಂದೇ ಬರೆಯಿರಿ.